ದೊಡ್ಡವರಾದ ಮೇಲೆ ಇಂಗ್ಲಿಷಿನ ಕೂಡುಬರಹವನ್ನು ತಿದ್ದಿಕೊಳ್ಳಬಹುದೇ? ಅಭ್ಯಾಸ ಹೇಗಿರಬೇಕು?

ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತು, ಆರನೆಯ ತರಗತಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಕೂಡಿಸಿ ಬರೆಯುವುದನ್ನು ಕೆಲವು ತಿಂಗಳು ರೂಢಿಸಿಕೊಂಡೆವು. ಆಮೇಲೆ ನೋಟ್ಸ್ ಬರೆದುಕೊಳ್ಳುವ ಅವಸರದಲ್ಲಿ ಅಕ್ಷರದ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಈಗ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ಹೊಣೆ ನನ್ನ ಮೇಲಿದೆ. ಮಕ್ಕಳ ಕಾಪಿ ಪುಸ್ತಕದ ಮೊದಲ ಸಾಲನ್ನು ನಾನೇ ಬರೆದುಕೊಡುತ್ತೇನೆ, ಅವರು ಅದನ್ನು ನೋಡಿಕೊಂಡು ಪುಟ ತುಂಬಿಸುತ್ತಾರೆ. ನನ್ನ ಅಕ್ಷರದ ಓರೆಕೋರೆಗಳು ಅವರ ಪುಸ್ತಕಕ್ಕೂ ಹಾಗೆಯೇ ಇಳಿಯುತ್ತಿರುವುದರಿಂದ ಇದನ್ನು ಈಗಲೇ ಸರಿಪಡಿಸಿಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ.

ನನ್ನ ಕನ್ನಡದ ಅಕ್ಷರವನ್ನು ನೋಡಿದವರು ದುಂಡಗಿದೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಒಂದೇ ಸಾಲಿನೊಳಗೆ ಕೆಲವು ಅಕ್ಷರಗಳು ಬಲಕ್ಕೆ ವಾಲುತ್ತವೆ, ಕೆಲವು ನೆಟ್ಟಗೆ ನಿಲ್ಲುತ್ತವೆ. ಅರ್ಧ ಪುಟ ದಾಟುವಷ್ಟರಲ್ಲಿ ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಸಣ್ಣ ಬಿ, ಓ, ವಿ, ಡಬ್ಲ್ಯೂ ಬಂದ ಕಡೆಯಲ್ಲೆಲ್ಲ ಮುಂದಿನ ಅಕ್ಷರವನ್ನು ಹೇಗೆ ಜೋಡಿಸುವುದೆಂದು ಕೈ ತಡವರಿಸುತ್ತದೆ. ಅಂಗಡಿಯಲ್ಲಿ ಸಿಗುವ ತಿದ್ದುವ ಪುಸ್ತಕಗಳನ್ನು ತಂದು ತುಂಬಿಸಿದ್ದೇನೆ. ಚುಕ್ಕೆಗಳ ಮೇಲೆ ತಿದ್ದುವಾಗ ಚೆನ್ನಾಗಿ ಬರುವ ಅಕ್ಷರ ಖಾಲಿ ಹಾಳೆಯಲ್ಲಿ ಮತ್ತೆ ಹಳೆಯ ರೂಪಕ್ಕೇ ತಿರುಗುತ್ತದೆ. ದೊಡ್ಡವರಾದ ಮೇಲೆ ಕೈ ತಿದ್ದಿಕೊಂಡವರು, ಮಕ್ಕಳಿಗೆ ಬರಹ ಕಲಿಸಿದ ಅನುಭವವಿರುವವರು ದಯವಿಟ್ಟು ಹೇಳಿ: ಯಾವುದರಿಂದ ಆರಂಭಿಸಬೇಕು, ದಿನಕ್ಕೆ ಎಷ್ಟು ಬರೆಯಬೇಕು, ಯಾವ ಪೆನ್ನು ಒಳ್ಳೆಯದು?

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ

ಮೇಡಂ, ಖಂಡಿತವಾಗಿ ತಿದ್ದಿಕೊಳ್ಳಬಹುದು. ಆದರೆ ಪುಟ ತುಂಬಿಸುವುದೇ ಅಭ್ಯಾಸ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಚುಕ್ಕೆಯ ಮೇಲೆ ತಿದ್ದುವಾಗ ಕಣ್ಣು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆಯೇ ಹೊರತು, ಅಕ್ಷರವು ಎಲ್ಲಿ ಹೊರಟು ಎಲ್ಲಿ ತಿರುಗಿ ಎಲ್ಲಿ ಮುಗಿಯುತ್ತದೆ ಎಂಬ ಒಟ್ಟು ಚಲನೆ ಕೈಗೆ ದಕ್ಕುವುದಿಲ್ಲ. ಕಾಪಿ ಪುಸ್ತಕದಲ್ಲಿ ಬೇರೊಂದು ತೊಡಕಿದೆ. ಮಾದರಿ ಸಾಲು ಪುಟದ ತಲೆಯಲ್ಲಿರುತ್ತದೆ. ಎರಡನೆಯ ಸಾಲನ್ನು ಮಾದರಿ ನೋಡಿ ಬರೆಯುತ್ತೇವೆ, ಮೂರನೆಯದನ್ನು ಎರಡನೆಯದನ್ನು ನೋಡಿ ಬರೆಯುತ್ತೇವೆ, ಹೀಗೆ ಹತ್ತನೆಯ ಸಾಲಿನ ಹೊತ್ತಿಗೆ ನಾವು ನಮ್ಮದೇ ತಪ್ಪುಗಳನ್ನು ನಕಲು ಮಾಡುತ್ತಿರುತ್ತೇವೆ. ಮಕ್ಕಳ ಕಾಪಿ ಪುಸ್ತಕದಲ್ಲಿ ಮೇಲಿನ ಎರಡು ಸಾಲು ಮುದ್ದಾಗಿದ್ದು ಕೆಳಗಿಳಿದಂತೆ ಕಾಗೆಕಾಲು ಗುಬ್ಬಿಕಾಲು ಆಗುವುದಕ್ಕೆ ಬೇಸರವಷ್ಟೇ ಕಾರಣವಲ್ಲ. ಮಾದರಿಯನ್ನು ಒಂದು ರಟ್ಟಿನ ಪಟ್ಟಿಯ ಮೇಲೆ ಬರೆದಿಟ್ಟುಕೊಂಡು, ಪ್ರತಿ ಸಾಲಿಗೂ ಅದನ್ನು ಕೆಳಕ್ಕೆ ಸರಿಸಿ, ಹಿಂದಿನ ಸಾಲುಗಳನ್ನು ಮುಚ್ಚಿಟ್ಟು ಬರೆದು ನೋಡಿ. ಒಂದು ಪದವನ್ನು ಮೂರು ಸಲ ಬರೆದು, ಅವುಗಳಲ್ಲಿ ಯಾವುದು ಮಾದರಿಗೆ ಹತ್ತಿರವಿದೆಯೋ ಅದಕ್ಕೆ ಗುರುತು ಹಾಕಿ, ಉಳಿದೆರಡು ಎಲ್ಲಿ ಕೆಟ್ಟವೆಂದು ಪಕ್ಕದಲ್ಲಿ ನಾಲ್ಕು ಮಾತು ಬರೆಯುವುದು ಒಂದು ಪುಟ ಕಾಪಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಅಕ್ಷರಗಳು ಬಿಡಿಯಾಗುವುದಕ್ಕೂ ನಿಮ್ಮ ಕನ್ನಡದ ಕೈಗೂ ಸಂಬಂಧವಿದೆ ಎಂದು ನನ್ನ ತಿಳುವಳಿಕೆ. ಕನ್ನಡದಲ್ಲಿ ಒಂದೊಂದು ಅಕ್ಷರವೂ ತನ್ನಷ್ಟಕ್ಕೆ ಪೂರ್ಣ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವನ್ನೂ ಕೊಟ್ಟು ಮುಗಿಸಿ, ಪೆನ್ನು ಎತ್ತಿ, ಮುಂದಿನದಕ್ಕೆ ಹೋಗುತ್ತೇವೆ. ಹತ್ತಾರು ವರ್ಷ ಹಾಗೆ ಬರೆದ ಕೈ ಇಂಗ್ಲಿಷಿನಲ್ಲೂ ಪ್ರತಿ ಅಕ್ಷರದ ಕೊನೆಗೆ ಎದ್ದು ನಿಲ್ಲಲು ಬಯಸುವುದು ಸಹಜ. ಆದ್ದರಿಂದ ನೀವು ಕಲಿಯಬೇಕಾದದ್ದು ಅಕ್ಷರದ ಆಕಾರಕ್ಕಿಂತ ಮಿಗಿಲಾಗಿ ಒಂದು ಅಕ್ಷರದ ಬಾಲವೇ ಮುಂದಿನ ಅಕ್ಷರದ ಆರಂಭವಾಗುವ ಬಗೆಯನ್ನು. ಬಿಡಿ ಅಕ್ಷರಗಳನ್ನು ಸಾಲುಗಟ್ಟಲೆ ಬರೆಯುವುದಕ್ಕಿಂತ ಎರಡೆರಡು, ಮೂರು ಮೂರು ಅಕ್ಷರಗಳ ಜೋಡಿಗಳನ್ನು ಬರೆಯುವುದು ನಿಮಗೆ ಹೆಚ್ಚು ಉಪಯೋಗವಾಗುತ್ತದೆ.

ಕ್ರಮದ ವಿಷಯ. ಎಬಿಸಿಡಿಯ ವರಸೆಯಲ್ಲಿ ಅಭ್ಯಾಸ ಮಾಡಬೇಡಿ. ಚಲನೆ ಒಂದೇ ಆಗಿರುವ ಅಕ್ಷರಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಕೆಳಗಿನ ಗೆರೆಯಿಂದ ಬಾಗಿ ಮೇಲೇರಿ, ಅದೇ ಜಾಡಿನಲ್ಲಿ ಇಳಿದು ಮತ್ತೆ ಬಾಗುವ ಐ, ಯು, ಡಬ್ಲ್ಯೂ, ಟಿ ಮೊದಲು. ಬಳಿಕ ಎಡಕ್ಕೆ ತಿರುಗುವ ಮೊಟ್ಟೆಯಾಕಾರದಿಂದ ಹುಟ್ಟುವ ಸಿ, ಎ, ಡಿ, ಜಿ, ಕ್ಯೂ, ಓ. ಆಮೇಲೆ ಕಮಾನಿನಂತೆ ಉಬ್ಬು ಬರುವ ಎನ್, ಎಂ, ಎಚ್, ಪಿ. ಕೊನೆಗೆ ಉದ್ದ ಕುಣಿಕೆಯ ಎಲ್, ಬಿ, ಕೆ, ಎಫ್ ಮತ್ತು ಕೆಳಕ್ಕಿಳಿಯುವ ಜೆ, ವೈ, ಝಡ್. ಒಂದು ಗುಂಪು ಕೈಗೆ ಕೂರುವವರೆಗೆ ಇನ್ನೊಂದಕ್ಕೆ ಹೋಗಬೇಡಿ. ಮೊಟ್ಟೆಯಾಕಾರ ಕೂರದಿದ್ದರೆ ಎ ಬಾಯ್ದೆರೆದು ಯು ಆಗುತ್ತದೆ, ಡಿ ಒಡೆದು ಸಿ ಮತ್ತು ಎಲ್ ಆಗಿ ಓದಿಸಿಕೊಳ್ಳುತ್ತದೆ. ಇ ಅಕ್ಷರದ ಕಣ್ಣು ಮುಚ್ಚಿಹೋದರೆ ಅದು ಚುಕ್ಕೆಯಿಲ್ಲದ ಐ.

ಮಿನಿಮಮ್ ಎಂಬ ಪದವನ್ನು ನಾನು ನನ್ನ ವಿದ್ಯಾರ್ಥಿಗಳಿಂದ ತಪ್ಪದೆ ಬರೆಸುತ್ತಿದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ಏಳು ಅಕ್ಷರ. ಮೂರು ಎಂ, ಎರಡು ಐ, ಒಂದು ಎನ್, ಒಂದು ಯು ಸೇರಿ ಮೇಲಿನಿಂದ ಕೆಳಕ್ಕೆ ಎಳೆಯುವ ಕಡ್ಡಿಗಳು ಒಟ್ಟು 15 ಆಗುತ್ತವೆ. ಆ 15 ಕಡ್ಡಿಗಳ ಓರೆ ಒಂದೇ ಆಗಿದ್ದು, ನಡುವಿನ ಅಂತರ ಸಮನಾಗಿದ್ದರೆ ಕೈ ಹದಕ್ಕೆ ಬಂದಿದೆ ಎಂದರ್ಥ. ಯುರೋಪಿನ ಹಳೆಯ ಹಸ್ತಪ್ರತಿಗಳಲ್ಲಿ ಇಂಥ ಕಡ್ಡಿಗಳ ಸಾಲಿನಲ್ಲಿ ಐ ಕಳೆದುಹೋಗುತ್ತಿದ್ದುದರಿಂದಲೇ ಲಿಪಿಕಾರರು ಅದರ ತಲೆಯ ಮೇಲೆ ಗುರುತು ಹಾಕತೊಡಗಿದರು. ಇಂದಿನ ಚುಕ್ಕೆ ಅದರ ಮುಂದುವರಿಕೆ.

ನೀವು ಹೆಸರಿಸಿದ ಬಿ, ಓ, ವಿ, ಡಬ್ಲ್ಯೂ ನಾಲ್ಕೂ ಎಲ್ಲರಿಗೂ ತೊಡಕು ಕೊಡುವ ಅಕ್ಷರಗಳೇ. ಉಳಿದ ಅಕ್ಷರಗಳ ಬಾಲ ಕೆಳಗಿನ ಗೆರೆಯ ಮೇಲೆ ಮುಗಿದರೆ, ಈ ನಾಲ್ಕರ ಬಾಲ ನಡುಗೆರೆಯ ಹತ್ತಿರ, ಅಂದರೆ ಮೇಲ್ಗಡೆ ಮುಗಿಯುತ್ತದೆ. ಆದ್ದರಿಂದ ಅವುಗಳ ಮುಂದೆ ಬರುವ ಅಕ್ಷರ ಕೆಳಗಿನಿಂದ ಏರಿ ಬರಬಾರದು. ಮೇಲಿನಿಂದಲೇ, ತುಸು ತಗ್ಗಿದ ಸೇತುವೆಯ ಮೂಲಕ ಹೊರಡಬೇಕು. ಓ ಆದ ಮೇಲೆ ಆರ್, ಡಬ್ಲ್ಯೂ ಆದ ಮೇಲೆ ಎಚ್, ಬಿ ಆದ ಮೇಲೆ ಇ, ವಿ ಆದ ಮೇಲೆ ಇ, ಓ ಆದ ಮೇಲೆ ಎಸ್, ಈ ಜೋಡಿಗಳನ್ನು ಪ್ರತ್ಯೇಕವಾಗಿ ಬರೆದು ನೋಡಿ. ಇ ಅಕ್ಷರವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸೇತುವೆ ಕೆಳಕ್ಕೆ ತಗ್ಗದೆ ನೇರವಾಗಿ ಹೋದರೆ ಅದರ ಕಣ್ಣು ತೆರೆಯುವುದೇ ಇಲ್ಲ. ಐ ಚುಕ್ಕೆಯನ್ನೂ ಟಿ ಅಡ್ಡಗೆರೆಯನ್ನೂ ಪದ ಪೂರ್ತಿಯಾದ ಮೇಲೆ ಕೊಡಿ, ನಡುವೆ ನಿಲ್ಲಬೇಡಿ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೆ ಅಷ್ಟು ಹೊತ್ತೂ ಒಂದೇ ದೋಷದ ಮೇಲೆ ಗಮನವಿರಬೇಕು: ಈ ವಾರ ಓರೆ, ಮುಂದಿನ ವಾರ ಅಂತರ, ಅದರ ಮುಂದಿನ ವಾರ ಎತ್ತರ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟವರು ಯಾವುದನ್ನೂ ತಿದ್ದಿಕೊಂಡದ್ದನ್ನು ನಾನು ಕಂಡಿಲ್ಲ.

ಶಾಯಿ ಪೆನ್ನಿನ ಹವ್ಯಾಸಿ, ಬೆಂಗಳೂರು

ಗುರುಗಳ ಮಾತಿಗೆ ಓರೆಯ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಓರೆ ಹೆಚ್ಚುಕಡಿಮೆಯಾಗುವುದಕ್ಕೆ ಕೈಗಿಂತ ಪುಸ್ತಕ ಇಟ್ಟ ರೀತಿಯೇ ಬಹುತೇಕ ಕಾರಣ. ಪುಸ್ತಕವನ್ನು ಮೇಜಿನ ಅಂಚಿಗೆ ನೇರವಾಗಿಟ್ಟು ಬಲಗೈಯಲ್ಲಿ ಬರೆಯುವಾಗ, ಸಾಲಿನ ಆರಂಭದಲ್ಲಿ ಮೊಣಕೈ ಒಂದು ಕೋನದಲ್ಲಿದ್ದರೆ ಸಾಲಿನ ಕೊನೆಯಲ್ಲಿ ಇನ್ನೊಂದು ಕೋನದಲ್ಲಿರುತ್ತದೆ. ಪುಸ್ತಕದ ಮೇಲ್ತುದಿಯನ್ನು ಎಡಕ್ಕೆ 30ರಿಂದ 45 ಡಿಗ್ರಿಯಷ್ಟು ವಾಲಿಸಿ ಇಟ್ಟುಕೊಳ್ಳಿ. ಆಗ ಕೆಳಗೆಳೆಯುವ ಪ್ರತಿ ಕಡ್ಡಿಯನ್ನೂ ಎದೆಯ ನಡುವಿನತ್ತ ಎಳೆದರೆ ಸಾಕು, ಹಾಳೆಯ ಮೇಲೆ ಅದು ತಾನಾಗಿಯೇ ಬಲಕ್ಕೆ ವಾಲಿ ಬೀಳುತ್ತದೆ. ಸಾಲಿನ ನಡುವಿಗೆ ಬಂದಾಗ ಎಡಗೈಯಿಂದ ಹಾಳೆಯನ್ನು ಎಡಕ್ಕೆ ಸರಿಸುವ ಅಭ್ಯಾಸವೂ ಬೇಕು.

ಓರೆಯನ್ನು ಅಳೆಯಲು ಒಂದು ಅಡಿಹಾಳೆ ಮಾಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ 55 ಡಿಗ್ರಿ ಗುರುತಿಸಿ, ಸೆಂಟಿಮೀಟರಿಗೊಂದರಂತೆ ಓರೆಗೆರೆಗಳನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ಎಳೆಯಿರಿ. ಬರೆಯುವ ಹಾಳೆಯ ಕೆಳಗೆ ಅದನ್ನಿಟ್ಟರೆ ಗೆರೆಗಳು ಮಸುಕಾಗಿ ಕಾಣುತ್ತವೆ. 55 ಡಿಗ್ರಿ ಎಂಬುದು ಇಂಗ್ಲೆಂಡಿನ ತಾಮ್ರಫಲಕ ಶೈಲಿ ಎನ್ನಿಸಿಕೊಂಡ ಕಾಪರ್‌ಪ್ಲೇಟ್ ಬರಹದ ರೂಢಿಯ ಓರೆ. ಅಮೆರಿಕದ ಪ್ಲಾಟ್ ರೋಜರ್ಸ್ ಸ್ಪೆನ್ಸರ್ (1800–1864) ಬಳಕೆಗೆ ತಂದ ಶೈಲಿಯಲ್ಲಿ ಅದು 52 ಡಿಗ್ರಿ. ಕೋಕಾ ಕೋಲಾ ಬಾಟಲಿಯ ಮೇಲಿರುವ ಹೆಸರು ಆ ಸ್ಪೆನ್ಸರ್ ಶೈಲಿಯದೇ, 1886ರದ್ದು. ನಿಮಗೆ ಇಷ್ಟು ಓರೆ ಬೇಡವಾದರೆ 70 ಡಿಗ್ರಿ ಇಟ್ಟುಕೊಳ್ಳಿ. ಎಷ್ಟು ಎಂಬುದು ಮುಖ್ಯವಲ್ಲ, ಎಲ್ಲವೂ ಒಂದೇ ಆಗಿರುವುದು ಮುಖ್ಯ.

ಸ್ಪೆನ್ಸರನ ಬಳಿಕ ಬಂದ ಆಸ್ಟಿನ್ ಪಾಮರ್ (1860–1927) ಕಚೇರಿಯ ಗುಮಾಸ್ತರು ದಿನವಿಡೀ ಬರೆದರೂ ಕೈ ನೋಯಬಾರದೆಂದು ಅಲಂಕಾರಗಳನ್ನು ತೆಗೆದುಹಾಕಿ, ಬೆರಳುಗಳ ಬದಲು ಮುಂಗೈಯ ಸ್ನಾಯುಗಳಿಂದ ಬರೆಯುವ ಪದ್ಧತಿಯನ್ನು ಕಲಿಸಿದ. ಅವನ ಅಭ್ಯಾಸಗಳಲ್ಲಿ ಅಕ್ಷರಕ್ಕಿಂತ ಮೊದಲು ಬರುವುದು ಒಂದರ ಮೇಲೊಂದು ಸುತ್ತುವ ಮೊಟ್ಟೆಯಾಕಾರಗಳು ಮತ್ತು ಮೇಲೆ ಕೆಳಗೆ ಹೋಗಿಬರುವ ಓರೆಗೆರೆಗಳು. ಮುಂಗೈಯ ತಿರುಳನ್ನು ಮೇಜಿಗೆ ಊರಿ, ಮಣಿಕಟ್ಟನ್ನು ಸಡಿಲಬಿಟ್ಟು, ಎರಡು ಗೆರೆಗಳ ನಡುವೆ ಸಾಲಿನುದ್ದಕ್ಕೂ ಸುತ್ತುತ್ತ ಹೋಗಬೇಕು. ಅಭ್ಯಾಸಕ್ಕೆ ಕೂತ ಕೂಡಲೇ ಎರಡು ಸಾಲು ಇದನ್ನು ಮಾಡಿದರೆ ಕೈ ಸಡಿಲಾಗುತ್ತದೆ.

ಪೆನ್ನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಅಭ್ಯಾಸದ ಕಾಲಕ್ಕೆ ಬಾಲ್ ಪೆನ್ ಬೇಡ. ಅದರ ಶಾಯಿ ಎಣ್ಣೆಯಂಶದ್ದು, ಮಂದವಾದದ್ದು. ಒತ್ತಿದರೆ ಮಾತ್ರ ಇಳಿಯುತ್ತದೆ, ಒತ್ತುತ್ತಿದ್ದಷ್ಟು ಹೊತ್ತು ಕೈ ಬಿಗಿಯಾಗಿಯೇ ಇರುತ್ತದೆ. ಶಾಯಿ ಪೆನ್ನು ಹಾಳೆಗೆ ತಾಗಿದರೆ ಸಾಕು ಬರೆಯುತ್ತದೆ. ದುಬಾರಿಯದು ಬೇಕಿಲ್ಲ, ಕ್ಯಾಮ್ಲಿನ್ ಅಥವಾ ಹೀರೋ ಕಂಪನಿಯ ಸಾಧಾರಣ ಪೆನ್ನೂ ಒಂದು ಬಾಟಲಿ ನೀಲಿ ಶಾಯಿಯೂ ಸಾಕು. ಹಾಳೆ ಮಾತ್ರ ತೀರ ತೆಳುವಾಗಿರಬಾರದು. ಶಾಯಿ ಹರಡಿದರೆ ಇ ಅಕ್ಷರದ ಕಣ್ಣೇ ತುಂಬಿಹೋಗಿ, ತಪ್ಪು ಕೈಯದೋ ಕಾಗದದ್ದೋ ತಿಳಿಯದಂತಾಗುತ್ತದೆ. ಶಾಯಿ ಪೆನ್ನು ಒಗ್ಗದವರು ಜೆಲ್ ಪೆನ್ ಬಳಸಬಹುದು.

ಫಿಸಿಯೊಥೆರಪಿಸ್ಟ್, ಮಂಗಳೂರು

ಕೈಯ ಬಿಗಿತದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಬರೆದ ಪುಟವನ್ನು ತಿರುವಿ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಕ್ಷರಗಳು ಉಬ್ಬಿ ಕೈಗೆ ತಾಗಿದರೆ, ಕೆಳಗಿನ ಹಾಳೆಯ ಮೇಲೂ ಅಚ್ಚು ಬಿದ್ದಿದ್ದರೆ ಒತ್ತಡ ಅತಿಯಾಗಿದೆ. ತೋರುಬೆರಳಿನ ತುದಿಯ ಗಿಣ್ಣು ಒಳಕ್ಕೆ ಬಾಗಿ ಉಗುರು ಬಿಳುಪಾಗುವುದೂ ಅದರದೇ ಲಕ್ಷಣ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೆಲ್ಲಗೆ ಹಿಡಿದು, ನಡುಬೆರಳಿನ ಪಕ್ಕಕ್ಕೆ ಪೆನ್ನನ್ನು ಒರಗಿಸಿ, ಮೊನೆಯಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲಕ್ಕೆ ಹಿಡಿಯುವುದು ರೂಢಿಯ ಕ್ರಮ. ಆದರೆ ದೊಡ್ಡವರು ನೋವಿಲ್ಲದೆ ಬೇರೆ ರೀತಿಯಲ್ಲಿ ಹಿಡಿದು ಚೆನ್ನಾಗಿ ಬರೆಯುತ್ತಿದ್ದರೆ ಹಿಡಿತವನ್ನು ಬದಲಿಸುವ ಅಗತ್ಯವಿಲ್ಲ. ಬದಲಿಸಬೇಕಾದದ್ದು ಬಿಗಿತವನ್ನು. ಪಾದಗಳು ನೆಲಕ್ಕೆ ಊರಿರಲಿ, ಮೇಜು ಮೊಣಕೈಯ ಮಟ್ಟದಲ್ಲಿರಲಿ. ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕವಿಟ್ಟು ಬರೆಯುವವರು ಅಭ್ಯಾಸದ ಹೊತ್ತಿಗಾದರೂ ಒಂದು ಡೆಸ್ಕು ಇಟ್ಟುಕೊಳ್ಳಲಿ. ಬೆರಳು ಜೋಮು ಹಿಡಿಯುವುದು, ಹೆಬ್ಬೆರಳ ಬುಡದಲ್ಲಿ ನೋವು ಉಳಿದುಕೊಳ್ಳುವುದು ಅಭ್ಯಾಸದಿಂದ ಹೋಗುವಂಥದಲ್ಲ, ವೈದ್ಯರಿಗೆ ತೋರಿಸಬೇಕು.

ವಿದ್ಯಾರ್ಥಿನಿಯ ತಂದೆ, ಮೈಸೂರು

ಎಲ್ಲರ ಶ್ರದ್ಧೆಗೂ ನಮಸ್ಕರಿಸಿ ಒಂದು ಭಿನ್ನಾಭಿಪ್ರಾಯವನ್ನು ಹೇಳಬಯಸುತ್ತೇನೆ. ನನ್ನ ಮಗಳು ಬಿಡಿ ಅಕ್ಷರಗಳಲ್ಲಿ ಸ್ವಚ್ಛವಾಗಿ, ಯಾರು ಬೇಕಾದರೂ ಓದುವಂತೆ ಬರೆಯುತ್ತಾಳೆ. ಆದರೂ ಕೂಡಿಸಿ ಬರೆದಿಲ್ಲವೆಂದು ಅವಳ ಶಾಲೆಯಲ್ಲಿ ಅಂಕ ಕಳೆದರು. ಓದಲು ಬರುವಂತಿದ್ದರೆ ಸಾಲದೇ? ಫಿನ್ಲೆಂಡ್ 2016ರಿಂದ ಶಾಲೆಗಳಲ್ಲಿ ಕೂಡುಬರಹವನ್ನು ಕಡ್ಡಾಯವಾಗಿ ಕಲಿಸುವುದನ್ನು ಕೈಬಿಟ್ಟಿದೆ. ಅಮೆರಿಕದಲ್ಲಿ ಸ್ಟೀವ್ ಗ್ರಹಾಂ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ತಿ ಬಿಡಿಯಾಗಿ ಅಥವಾ ಪೂರ್ತಿ ಕೂಡಿಸಿ ಬರೆಯುವವರಿಗಿಂತ ಎರಡನ್ನೂ ಬೆರೆಸಿ ಬರೆಯುವ ಮಕ್ಕಳ ವೇಗ ಹೆಚ್ಚಿತ್ತು. ಕೂಡುಬರಹವೇ ಶ್ರೇಷ್ಠ ಎಂಬುದಕ್ಕೆ ನಮ್ಮಲ್ಲಿ ರೂಢಿಯ ಹೊರತು ಬೇರೆ ಆಧಾರ ಏನಿದೆ?

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ

ನಿಮ್ಮ ಮಾತಿನ ಬಹುಭಾಗವನ್ನು ಒಪ್ಪುತ್ತೇನೆ. ಸ್ವಚ್ಛವಾಗಿ ಬರೆದ ಮಗುವಿನ ಅಂಕ ಕಳೆಯುವುದು ಅನ್ಯಾಯವೇ. ಬರಹದ ಮೊದಲ ಧರ್ಮ ಓದಿಸಿಕೊಳ್ಳುವುದು. ಭಾರತೀಯ ವೈದ್ಯಕೀಯ ಮಂಡಳಿಯು 2016ರಲ್ಲಿ ತನ್ನ ನಿಯಮವನ್ನು ತಿದ್ದಿ, ವೈದ್ಯರು ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ಮಟ್ಟಿಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದದ್ದು ಅದಕ್ಕಾಗಿಯೇ. ನೀವು ಹೇಳಿದ ಅಧ್ಯಯನವೂ ನನ್ನ ಅನುಭವಕ್ಕೆ ಹೊಂದುತ್ತದೆ. ಆದರೆ ಬೆರೆಸಿ ಬರೆಯುವವರೂ ಕೂಡಿಸುವುದನ್ನು ಎಂದೋ ಕಲಿತವರೇ ತಾನೇ? ಎಲ್ಲಿ ಕೂಡಿಸಿದರೆ ಅನುಕೂಲ, ಎಲ್ಲಿ ಬಿಟ್ಟರೆ ಅನುಕೂಲ ಎಂದು ಆರಿಸಿಕೊಳ್ಳುವುದಕ್ಕೆ ಎರಡೂ ಗೊತ್ತಿರಬೇಕು. ಇಲ್ಲಿ ಪ್ರಶ್ನೆ ಕೇಳಿದವರು ಕೂಡುಬರಹವನ್ನು ಕಲಿಸುವ ಹೊಣೆ ಹೊತ್ತವರು. ಅವರಿಗೆ ಅದು ಚೆನ್ನಾಗಿ ಬರಲೇಬೇಕು.

ಕ್ಯಾಲಿಫೋರ್ನಿಯದಲ್ಲಿರುವ ಕನ್ನಡಿಗರೊಬ್ಬರು

ಫಿನ್ಲೆಂಡಿನ ಮಾತು ಬಂತು. ಇಲ್ಲಿಯ ಬೆಳವಣಿಗೆ ಅದಕ್ಕೆ ವಿರುದ್ಧ ದಿಕ್ಕಿನದು. ಅಮೆರಿಕದ ಹಲವು ರಾಜ್ಯಗಳು 2010ರಲ್ಲಿ ಒಪ್ಪಿಕೊಂಡ ಸಾಮಾನ್ಯ ಪಠ್ಯಮಾನದಲ್ಲಿ ಕೂಡುಬರಹಕ್ಕೆ ಜಾಗವಿರಲಿಲ್ಲ, ಹಾಗಾಗಿ ಅನೇಕ ಶಾಲೆಗಳಲ್ಲಿ ಅದು ನಿಂತೇಹೋಯಿತು. 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯ ಒಂದು ಕಾನೂನು ಮಾಡಿ, ಒಂದರಿಂದ ಆರನೆಯ ತರಗತಿಯವರೆಗಿನ ಕೈಬರಹದ ಪಾಠದಲ್ಲಿ ಕೂಡುಬರಹವೂ ಇರಬೇಕೆಂದು ವಿಧಿಸಿತು. ಅಜ್ಜ ಅಜ್ಜಿಯರ ಪತ್ರಗಳನ್ನಾಗಲಿ ಹಳೆಯ ದಾಖಲೆಗಳನ್ನಾಗಲಿ ಓದಲಾರದ ಒಂದು ಪೀಳಿಗೆ ಬೆಳೆದುಬಿಟ್ಟಿದೆ ಎಂಬುದು ಅದರ ಪರವಾಗಿದ್ದವರ ಮುಖ್ಯ ವಾದ. ನಾರ್ವೆಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಮಿದುಳಿನ ಅಧ್ಯಯನವನ್ನೂ ಇಲ್ಲಿ ಬಹಳ ಜನ ಉಲ್ಲೇಖಿಸುತ್ತಾರೆ. ಅದರಲ್ಲಿ 36 ವಿದ್ಯಾರ್ಥಿಗಳು ಡಿಜಿಟಲ್ ಪೆನ್ನಿನಿಂದ ಕೂಡಿಸಿ ಬರೆದಾಗ ಮಿದುಳಿನ ಭಾಗಗಳ ನಡುವೆ ಕಂಡ ಸಂಪರ್ಕ ಕೀಲಿಮಣೆ ಒತ್ತಿದಾಗ ಕಾಣಲಿಲ್ಲ. ಆದರೆ ಅಲ್ಲಿ ಹೋಲಿಸಿದ್ದು ಕೈಬರಹವನ್ನೂ ಟೈಪಿಂಗನ್ನೂ. ಕೂಡುಬರಹವನ್ನೂ ಬಿಡಿಬರಹವನ್ನೂ ಅಲ್ಲ. ಮೈಸೂರಿನವರ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ವಿಜಯಪುರ

ನನಗೆ ವೇಗದ ಚಿಂತೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಪತ್ರಿಕೆಯೊಂದಕ್ಕೆ ಮೂರು ಗಂಟೆ, 20 ಪ್ರಶ್ನೆ. ಹತ್ತು ಉತ್ತರ 150 ಪದಗಳದ್ದು, ಹತ್ತು 250 ಪದಗಳದ್ದು, ಒಟ್ಟು 4,000 ಪದ. ಕೈಬರಹ ಸುಲಭವಾಗಿ ಓದುವಂತಿಲ್ಲದಿದ್ದರೆ ಅಂಕ ಕಡಿತವಾಗುತ್ತದೆಂದು ಅಧಿಸೂಚನೆಯಲ್ಲೇ ಬರೆದಿದ್ದಾರೆ. ನಿಧಾನವಾಗಿ ಬರೆದರೆ ನನ್ನ ಅಕ್ಷರ ಚೆನ್ನಾಗಿದೆ. ಎರಡನೆಯ ಗಂಟೆ ಆರಂಭವಾಗುವಷ್ಟರಲ್ಲಿ ಅದು ಬ್ರಹ್ಮಲಿಪಿಯಾಗುತ್ತದೆ. ಗುರುಗಳು ದಾರಿ ತೋರಿಸಬೇಕು.

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ

ತಮ್ಮಾ, ವೇಗವನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು, ಅಕ್ಷರದ ಅಭ್ಯಾಸದೊಂದಿಗೆ ಬೆರೆಸಬಾರದು. ಒಂದು ಪರಿಚಿತ ವಾಕ್ಯವನ್ನು ಒಂದು ನಿಮಿಷ ನಿಮ್ಮ ಅತಿ ಒಳ್ಳೆಯ ಅಕ್ಷರದಲ್ಲಿ ಬರೆದು ಎಷ್ಟು ಪದವಾಯಿತೆಂದು ಎಣಿಸಿ. ಮರುದಿನ ಅದಕ್ಕಿಂತ ಒಂದೆರಡು ಪದ ಮಾತ್ರ ಹೆಚ್ಚು ಬರುವಂತೆ ಬರೆಯಿರಿ. ಅಕ್ಷರ ಕೆಟ್ಟರೆ ಹಿಂದಿನ ವೇಗಕ್ಕೇ ಮರಳಿ. ವೇಗ ಹೆಚ್ಚಿದಾಗ ಮೊದಲು ಕೆಡುವುದು ಯಾವುದೆಂದು ಗುರುತಿಸಿಕೊಳ್ಳುವುದು ಇದರ ಮುಖ್ಯ ಲಾಭ. ಹೆಚ್ಚಿನವರಲ್ಲಿ ಅದು ಪದಗಳ ನಡುವಿನ ಅಂತರ. ಒಂದು ಸಣ್ಣ ಓ ಹಿಡಿಸುವಷ್ಟು ಜಾಗವನ್ನು ಪ್ರತಿ ಪದದ ನಂತರ ಬಿಟ್ಟರೆ, ಅಕ್ಷರ ಸಾಧಾರಣವಾಗಿದ್ದರೂ ಪುಟ ಓದಲು ಬರುತ್ತದೆ. ಅಕ್ಷರದ ಗಾತ್ರವನ್ನು ತುಸು ಕಿರಿದು ಮಾಡಿದರೆ ಕೈ ಕ್ರಮಿಸಬೇಕಾದ ದಾರಿಯೇ ಕಡಿಮೆಯಾಗುತ್ತದೆ. ಉದ್ದ ಪದಗಳಲ್ಲಿ ನಾಲ್ಕೈದು ಅಕ್ಷರಕ್ಕೊಮ್ಮೆ ಪೆನ್ನು ಎತ್ತಿದರೆ ದೋಷವೇನಿಲ್ಲ, ಹಳೆಯ ಲೇಖಕರೂ ಎತ್ತುತ್ತಿದ್ದರು. ಮೂರು ಗಂಟೆಯ ದಣಿವಿಗೆ ಮೂರು ಗಂಟೆ ಬರೆದೇ ಒಗ್ಗಬೇಕು. ವಾರಕ್ಕೊಮ್ಮೆಯಾದರೂ ಪೂರ್ಣ ಪತ್ರಿಕೆಯನ್ನು ಕೂತು ಬರೆಯಿರಿ, ಬರೆದು ಮುಗಿಸಿದ ಮೇಲೆ ಕೊನೆಯ ಪುಟವನ್ನು ಮೊದಲ ಪುಟದ ಪಕ್ಕದಲ್ಲಿಟ್ಟು ನೋಡಿ.

ಹಳೆಯ ದಾಖಲೆಗಳ ಅಭ್ಯಾಸಿ, ಶಿವಮೊಗ್ಗ

ವೇಗ ಮತ್ತು ಓದಿಸಿಕೊಳ್ಳುವಿಕೆಯ ಈ ಜಗ್ಗಾಟ ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ಹೇಳಬೇಕೆನ್ನಿಸಿತು. ಉತ್ತರ ಕರ್ನಾಟಕದ ಹಳೆಯ ಕಂದಾಯದ ಕಾಗದಪತ್ರಗಳಲ್ಲಿ ಕಾಣುವ ಮರಾಠಿಯ ಮೋಡಿ ಲಿಪಿ ವೇಗಕ್ಕಾಗಿಯೇ ರೂಪುಗೊಂಡದ್ದು. ಬರೆಯುವವರು ಮೊದಲು ಹಾಳೆಯ ಅಗಲಕ್ಕೂ ತಲೆಗೆರೆ ಎಳೆದುಕೊಂಡು, ಅದರ ಕೆಳಗೆ ಲೇಖಣಿ ಆದಷ್ಟು ಎತ್ತದಂತೆ ಅಕ್ಷರಗಳನ್ನು ಹೆಣೆಯುತ್ತ ಹೋಗುತ್ತಿದ್ದರು. ಕನ್ನಡದಲ್ಲೂ ಶ್ಯಾನುಭೋಗರು ಲೆಕ್ಕಪತ್ರಗಳಲ್ಲಿ ಓಡಿಸಿ ಬರೆದ ಬರಹವನ್ನು ಮೋಡಿ ಅಕ್ಷರವೆಂದೇ ಕರೆಯುತ್ತಾರೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು ಮಾಡಿದ ಕಡತಗಳ ಮೇಲೆ ಬಳಪದಿಂದ ಬರೆದದ್ದನ್ನು ನೋಡಿದರೆ, ಬರೆದವರ ಕೈ ಎಷ್ಟು ಪಳಗಿತ್ತೆಂದು ಮೆಚ್ಚಿಗೆಯಾಗುತ್ತದೆ. ಆದರೆ ಅವುಗಳನ್ನು ಇಂದು ಓದಲು ಪ್ರತ್ಯೇಕ ತರಬೇತಿಯೇ ಬೇಕು. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಹಸ್ತಪ್ರತಿಗಳು ಅವುಗಳಿಗಿಂತ ಹಳೆಯವಾದರೂ ಓದಲು ಸುಲಭ. ಅಲ್ಲಿ ಒಂದೊಂದು ಅಕ್ಷರವನ್ನೂ ಬಿಡಿಯಾಗಿ ನಿಧಾನವಾಗಿ ಕೊರೆದಿರುತ್ತಾರೆ. ಕೂಡಿಸುವಾಗ ಅಕ್ಷರದ ಗುರುತು ಉಳಿಯಬೇಕೆಂಬುದನ್ನು ಮರೆತರೆ, ವೇಗವಾಗಿ ಬರೆದದ್ದು ಬರೆದವರ ಕಾಲಕ್ಕೇ ಮುಗಿದುಹೋಗುತ್ತದೆ.

ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ರಟ್ಟಿನ ಪಟ್ಟಿಯನ್ನೂ ಓರೆಗೆರೆಯ ಅಡಿಹಾಳೆಯನ್ನೂ ಮಾಡಿಕೊಂಡು ಅಭ್ಯಾಸ ನಡೆಸುತ್ತಿದ್ದೇನೆ. ಪುಸ್ತಕವನ್ನು ವಾಲಿಸಿ ಇಟ್ಟದ್ದರಿಂದ ಓರೆ ಬಹಳ ಮಟ್ಟಿಗೆ ಒಂದಾಗಿದೆ. ಪುಟದ ಹಿಂಬದಿ ಸವರಿ ನೋಡಿದಾಗ ಅಕ್ಷರಗಳು ಬೆರಳಿಗೆ ಚೆನ್ನಾಗಿಯೇ ತಾಗಿದವು. ಶಾಯಿ ಪೆನ್ನಿಗೆ ಬದಲಾಯಿಸಿದ ಮೇಲೆ ಅದು ಕಡಿಮೆಯಾಗಿ, ಅಕ್ಷರ ಬಿಡಿಯಾಗುವುದೂ ಪುಟದ ಕೊನೆಯವರೆಗೆ ಮುಂದೂಡಿದೆ. ಓ ಆದ ಮೇಲಿನ ಆರ್ ಈಗ ಸುಲಲಿತವಾಗಿ ಬರುತ್ತದೆ. ಬಿ ಆದ ಮೇಲಿನ ಇ ಇನ್ನೂ ಕಣ್ಣು ಮುಚ್ಚಿಕೊಳ್ಳುತ್ತದೆ.

ಈಗ ಇನ್ನೆರಡು ಸಂದೇಹಗಳು. ದೊಡ್ಡಕ್ಷರಗಳನ್ನು ಮುಂದಿನ ಸಣ್ಣಕ್ಷರಕ್ಕೆ ಕೂಡಿಸಲೇಬೇಕೇ? ಪುಸ್ತಕದಲ್ಲಿ ಸುಧಾರಿಸಿದ ಅಕ್ಷರ ಬೋರ್ಡಿನ ಮೇಲೆ ಏಕೆ ಬರುತ್ತಿಲ್ಲ? ನನ್ನ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಮಕ್ಕಳೂ ಇದ್ದಾರೆ, ಅವರಿಗೆ ಏನು ಹೇಳಲಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ

ಬಹಳ ಸಂತೋಷ ಮೇಡಂ. ದೊಡ್ಡಕ್ಷರಗಳಲ್ಲಿ ಬಾಲವು ಕೆಳಗಿನ ಗೆರೆಯಲ್ಲಿ ಬಲಕ್ಕೆ ಮುಗಿಯುವ ಎ, ಸಿ, ಕೆ, ಎಂ, ಎನ್, ಆರ್ ಮುಂತಾದವು ಸಹಜವಾಗಿ ಕೂಡುತ್ತವೆ. ಓ, ಪಿ, ಟಿ, ವಿ, ಡಬ್ಲ್ಯೂ ಸಾಮಾನ್ಯವಾಗಿ ಕೂಡುವುದಿಲ್ಲ. ಅವುಗಳನ್ನು ಬರೆದು, ಪೆನ್ನು ಎತ್ತಿ, ತೀರ ದೂರ ಬಿಡದೆ ಮುಂದಿನ ಅಕ್ಷರವನ್ನು ಆರಂಭಿಸಿ. ಒತ್ತಾಯದಿಂದ ಕೂಡಿಸಿದ ದೊಡ್ಡಕ್ಷರ ಯಾವಾಗಲೂ ವಿಕಾರವಾಗಿ ಕಾಣುತ್ತದೆ.

ಬೋರ್ಡಿನ ಮೇಲೆ ಅಂಗೈ ಊರಲು ಆಸರೆಯಿಲ್ಲ, ಬೆರಳಾಡಿಸಿ ಬರೆಯಲು ಅಕ್ಷರದ ಗಾತ್ರವೂ ಬಿಡುವುದಿಲ್ಲ. ಅಲ್ಲಿ ತೋಳು ಹೆಗಲಿನಿಂದ ಚಲಿಸಬೇಕು. ಸೀಮೆಸುಣ್ಣವನ್ನು ಪೆನ್ನಿನಂತೆ ಹಿಡಿಯದೆ, ಅದರ ಹಿಂಬದಿ ಅಂಗೈಯೊಳಗೆ ಬರುವಂತೆ ಬೆರಳುಗಳ ತುದಿಯಲ್ಲಿ ಹಿಡಿದು, ಬರೆಯುತ್ತ ಹೋದಂತೆ ತಿರುಗಿಸುತ್ತಿರಿ. ಇಲ್ಲದಿದ್ದರೆ ಒಂದೇ ಬದಿ ಸವೆದು ಗೆರೆ ದಪ್ಪವಾಗುತ್ತದೆ. ಕಣ್ಣಿನ ಮಟ್ಟದಲ್ಲೇ ಬರೆಯಿರಿ, ಸಾಲು ಮುಂದುವರಿದಂತೆ ಹೆಜ್ಜೆ ಸರಿಸಿ. ಬೋರ್ಡಿನ ಒಂದು ಭಾಗದಲ್ಲಿ ನಾಲ್ಕು ಗೆರೆಗಳನ್ನು ಬಣ್ಣದಿಂದಲೇ ಕಾಯಂ ಹಾಕಿಸಿಬಿಟ್ಟರೆ ಪ್ರತಿದಿನ ಎಳೆಯುವ ಕೆಲಸ ತಪ್ಪುತ್ತದೆ. ಬರೆಯುವಾಗ ನಿಮ್ಮ ಬೆನ್ನು ಅಕ್ಷರವನ್ನು ಮರೆಮಾಡದಂತೆ ಪಕ್ಕಕ್ಕೆ ನಿಲ್ಲಿ. ಮಕ್ಕಳಿಗೆ ಬೇಕಾದದ್ದು ಬರೆದು ಮುಗಿಸಿದ ಅಕ್ಷರವಲ್ಲ, ಅದು ಆಗುತ್ತಿರುವುದನ್ನು ನೋಡುವುದು. ಕಾಪಿ ಪುಸ್ತಕದಲ್ಲಿ ಸಾಲು ಬರೆದುಕೊಡುವಾಗಲೂ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬರೆದುಕೊಡಿ.

ಫಿಸಿಯೊಥೆರಪಿಸ್ಟ್, ಮಂಗಳೂರು

ಎಡಗೈಯ ಮಕ್ಕಳ ಬಗ್ಗೆ ನಾನು ಹೇಳುತ್ತೇನೆ. ಅವರ ಕೈಯನ್ನು ದಯವಿಟ್ಟು ಬದಲಿಸಬೇಡಿ, ಬದಲಿಸಲು ಮನೆಯವರಿಗೂ ಬಿಡಬೇಡಿ. ಪುಸ್ತಕದ ಮೇಲ್ತುದಿಯನ್ನು ಅವರು ಬಲಕ್ಕೆ ವಾಲಿಸಬೇಕು, ದೇಹದ ನಡುವಿನಿಂದ ಸ್ವಲ್ಪ ಎಡಕ್ಕೆ ಇಟ್ಟುಕೊಳ್ಳಬೇಕು, ಕೈ ಸಾಲಿನ ಕೆಳಗಿರಬೇಕು. ಬರೆದದ್ದು ಕಾಣಲೆಂದು ಎಷ್ಟೋ ಮಕ್ಕಳು ಮಣಿಕಟ್ಟನ್ನು ಕೊಕ್ಕೆಯಂತೆ ಬಾಗಿಸಿ ಮೇಲಿನಿಂದ ಬರೆಯುತ್ತಾರೆ. ಪೆನ್ಸಿಲನ್ನು ಮೊನೆಯಿಂದ ಇನ್ನಷ್ಟು ಮೇಲಕ್ಕೆ ಹಿಡಿಸಿದರೆ ಮೊನೆ ಕಾಣುತ್ತದೆ, ಕೊಕ್ಕೆಯ ಅಗತ್ಯ ಬೀಳುವುದಿಲ್ಲ. ಅವರ ಅಕ್ಷರ ನೆಟ್ಟಗೆ ಅಥವಾ ತುಸು ಎಡಕ್ಕೆ ವಾಲಿದ್ದರೆ ತಪ್ಪೆಂದು ಗುರುತು ಹಾಕಬೇಡಿ. ಮಾದರಿಯನ್ನು ಸಾಲಿನ ಎಡತುದಿಯಲ್ಲಿ ಬರೆದುಕೊಟ್ಟರೆ ಬರೆಯುವಾಗ ಅವರ ಕೈಯೇ ಅದನ್ನು ಮುಚ್ಚಿಬಿಡುತ್ತದೆ. ಬಲತುದಿಯಲ್ಲಿ ಅಥವಾ ಸಾಲಿನ ಮೇಲೆ ಬರೆದುಕೊಡಿ. ಬೆಂಚಿನಲ್ಲಿ ಕೂರಿಸುವಾಗ ಅವರಿಗೆ ಎಡಗಡೆಯ ಅಂಚಿನ ಜಾಗ ಕೊಡಿ, ಪಕ್ಕದವರ ಮೊಣಕೈ ತಾಗದಿರಲಿ.